ಹದಿನಾಲ್ಕನೇ ಸಾಲಿನ ಐದನೇ ಜಾಗ

ಮಾರ್ಚ್ 9, ಭಾನುವಾರ

ಬರೆಯಲು ಬೇರೆ ಪುಸ್ತಕ ಸಿಗಲಿಲ್ಲ. ಇದು ಗಿರಾಕಿಗಳ ಅಳತೆ ಬರೆದಿಡುವ ಪುಸ್ತಕ. ಹಿಂದಿನ ಪುಟಗಳಲ್ಲಿ ಊರಿನ ಅರ್ಧ ಜನರ ಸೊಂಟಗಳಿವೆ. ಇನ್ನು ಮುಂದಿನ ಪುಟಗಳಲ್ಲಿ ನನ್ನ ಸಿಟ್ಟು ಇರಲಿ. ಬಾಯಲ್ಲೇ ಇಟ್ಟುಕೊಂಡರೆ ಯಾರ ಮೇಲಾದರೂ ಹರಿಹಾಯ್ದುಬಿಡುತ್ತೇನೆ.

ಇವರು ಮಲಗಿ ಇವತ್ತಿಗೆ ಐದು ವಾರ. ಅಂಗಡಿಯಲ್ಲಿ ಕೋಟಿನ ತೋಳು ಕತ್ತರಿಸುತ್ತಿದ್ದವರ ಕೈಯಿಂದ ಕತ್ತರಿ ಬಿತ್ತು, ಆಮೇಲೆ ಇವರೂ ಬಿದ್ದರು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಏಟಿಗೆ ಹೋದವು. ಮೂವತ್ತೆಂಟು ವರ್ಷ ನಮ್ಮ ಅಂಗಡಿಯಲ್ಲಿ ಕತ್ತರಿ ಇವರದು, ಸೂಜಿ ನನ್ನದು. ಈಗ ಎರಡೂ ನನ್ನ ಕೈಗೆ ಬಂದಿವೆ.

ಮಧ್ಯಾಹ್ನ ಮೈದುನ ಕಿತ್ತಳೆ ಹಣ್ಣು ತಂದಿದ್ದ. ಹಣ್ಣು ಸುಲಿಯುತ್ತಾ ಸುಲಿಯುತ್ತಾ ವಿಷಯ ತೆಗೆದ. ಫುಟ್‌ಬಾಲ್ ಮೈದಾನದಲ್ಲಿ ಇವರದೊಂದು ಜಾಗವಿದೆ, ಹದಿನಾಲ್ಕನೇ ಸಾಲಿನಲ್ಲಿ ಐದನೆಯದು. ಮದುವೆಗೆ ಮುಂಚಿನಿಂದಲೂ ಇವರು ಕೂರುವುದು ಅಲ್ಲೇ. ಆ ಸಾಲಿಗೆ ಒಂದು ಕಟ್ಟಳೆ ಇದೆಯಂತೆ: ನಮ್ಮೂರಲ್ಲೇ ನಡೆಯುವ ಪಂದ್ಯಗಳಲ್ಲಿ ಸತತ ಮೂರಕ್ಕೆ ಜಾಗ ಖಾಲಿ ಬಿಟ್ಟರೆ ಅದು ಪಟ್ಟಿಯಲ್ಲಿ ಕಾದಿರುವ ಮುಂದಿನವನಿಗೆ ಹೋಗುತ್ತದೆ. ಎರಡು ಪಂದ್ಯ ಆಗಲೇ ಖಾಲಿ ಹೋಗಿದೆ. ಮೂರನೆಯದು ಈ ಶನಿವಾರ. ಪಟ್ಟಿಯಲ್ಲಿ ಮುಂದಿನವನು ಯಾರಪ್ಪಾ ಅಂದರೆ ನನ್ನ ಮೈದುನನೇ. ಹನ್ನೊಂದು ವರ್ಷದಿಂದ ಕಾಯುತ್ತಿದ್ದಾನೆ.

"ಅಣ್ಣ ಇನ್ನು ಆ ಮೆಟ್ಟಿಲು ಹತ್ತೋದು ಎಲ್ಲಿ ಬಂತು ಅತ್ತಿಗೆ. ಹೊರಗಿನವರಿಗೆ ಹೋಗೋದಕ್ಕಿಂತ ಮನೆಯಲ್ಲೇ ಉಳೀಲಿ" ಅಂದ.

ತಪ್ಪೇನೂ ಹೇಳಲಿಲ್ಲ ಪಾಪ. ಇವರನ್ನು ನೋಡಿದೆ. ಗೋಡೆಯ ಕಡೆ ಮುಖ ಮಾಡಿಕೊಂಡರು. ಕೊಟ್ಟುಬಿಡು ಅನ್ನುವ ಹಾಗೆ.

ನಮ್ಮಜ್ಜಿಯ ಕಥೆಗಳಲ್ಲಿ ರಾಕ್ಷಸನ ಪ್ರಾಣ ಅವನ ಮೈಯಲ್ಲಿ ಇರುತ್ತಿರಲಿಲ್ಲ. ಏಳು ಕಡಲಾಚೆ ಪಂಜರದಲ್ಲಿ ಒಂದು ಗಿಳಿ, ಆ ಗಿಳಿಯಲ್ಲಿ ಪ್ರಾಣ. ಇವರ ಪ್ರಾಣ ಎಲ್ಲಿದೆ ಅಂತ ನನಗೆ ಗೊತ್ತು. ಗಿಳಿಯನ್ನು ಮೈದುನನ ಕೈಗೆ ಕೊಟ್ಟು ಇವರ ಬಾಯಿಗೆ ಗುಳಿಗೆ ಹಾಕುತ್ತಾ ಕೂತರೆ ಏನು ಬಂತು?

"ಶನಿವಾರ ನಾನು ಕೂರ್ತೀನಿ" ಅಂದೆ.

ಮೈದುನ ನಗು ತಡೆಯಲಾರದೆ ಕಿತ್ತಳೆ ಬೀಜ ನುಂಗಿದ.

ಮಾರ್ಚ್ 15, ಶನಿವಾರ

ಮರ್ಯಾದೆ ಹೋಯಿತು. ಜಾಗ ಉಳಿಯಿತು.

ಇವರನ್ನು ಕೆಳಮನೆಯಾಕೆಯ ವಶಕ್ಕೆ ಬಿಟ್ಟು ಹೊರಟೆ. ಕೂರುವ ಜಾಗಕ್ಕೆ ಮೂವತ್ತೊಂದು ಮೆಟ್ಟಿಲು. ಎಣಿಸಿಕೊಂಡೇ ಹತ್ತಿದೆ. ಎಡಗಡೆ ಅಂಚೆಯಣ್ಣ, ಕೆಲಸದಿಂದ ನಿವೃತ್ತರಾದವರು. ಸಾಲಿನ ಪಟ್ಟಿಯ ಪುಸ್ತಕ ಇರುವುದು ಅವರ ಜೇಬಲ್ಲಿ. ಬಲಗಡೆ ಬೀಗ ರಿಪೇರಿಯವರು, ಎಲ್ಲರ ಬಾಯಲ್ಲೂ ಬೀಗದಣ್ಣ. ಆ ಮನುಷ್ಯ ನಕ್ಕದ್ದನ್ನು ಕಂಡವರಿಲ್ಲ. ಆಟ ಶುರುವಾಗುವ ಮೊದಲೇ "ಮುಗೀತು, ಬೀಗ ಹಾಕಿ" ಅಂದರು. ಹದಿನಾರು ತಂಡಗಳಲ್ಲಿ ನಮ್ಮದು ಕೊನೆಯದು. ಕೊನೆಯ ಎರಡು ತಂಡ ಕೆಳಗಿನ ದರ್ಜೆಗೆ ಬೀಳುತ್ತವೆ. ಉಳಿದಿರುವುದು ಇವತ್ತಿನದೂ ಸೇರಿ ಒಂಬತ್ತು ಪಂದ್ಯ. ಇಷ್ಟನ್ನು ಅಂಚೆಯಣ್ಣ ನನಗೆ ವಿಳಾಸ ಓದಿ ಹೇಳುವ ಹಾಗೆ ಬಿಡಿಸಿ ಹೇಳಿದರು.

ನಮ್ಮವರು ನೀಲಿ ಅಂಗಿ, ಚೆಂಡು ಹೊಡೆಯಬೇಕಾದದ್ದು ಎಡಗಡೆಯ ಗೋಲಿಗೆ. ಅದನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡೆ. ಅಂಗಿ ನೋಡುತ್ತಾ ಕೂತರೆ ನನಗೆ ಹೊಲಿಗೆಯೇ ಕಾಣುತ್ತದೆ, ಅದಕ್ಕೆ ಗೋಲನ್ನೇ ನೋಡುತ್ತಾ ಕೂತೆ. ಕೊನೆಗೂ ಎಡಗಡೆ ಗೋಲಿಗೆ ಚೆಂಡು ನುಗ್ಗಿತು. ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಇಡೀ ಸಾಲಿನಲ್ಲಿ ನನ್ನದೊಂದೇ ಚಪ್ಪಾಳೆ.

ಅರ್ಧ ಆಟ ಮುಗಿದ ಮೇಲೆ ಎರಡೂ ತಂಡಗಳು ಮನೆ ಅದಲುಬದಲು ಮಾಡಿಕೊಳ್ಳುತ್ತವೆ ಅಂತ ನನಗೆ ಯಾರು ಹೇಳಿದ್ದರು?

"ಅಮ್ಮಾ" ಅಂದರು ಬೀಗದಣ್ಣ, "ಅವರಿಗೆ ಚಪ್ಪಾಳೆ ತಟ್ಟೋಕೆ ಅವರ ಕಡೆಯವರೇ ಬಂದಿದ್ದಾರೆ. ನೀವು ಕೈ ನೋಯಿಸ್ಕೋಬೇಡಿ."

ಸೊನ್ನೆಗೆ ಮೂರು. ಮನೆಗೆ ಬಂದು ಇವರಿಗೆ ಮೂರು ಅನ್ನಲು ನಾಲಿಗೆ ಏಳಲಿಲ್ಲ. ಒಂದು ಗೋಲಿನಿಂದ ಸೋತೆವು, ಚೆನ್ನಾಗಿ ಆಡಿದರು ಅಂದೆ. ಇವರು ನನ್ನನ್ನೇ ನೋಡಿದರು. ಆಮೇಲೆ ಎಡಗೈ ಎತ್ತಿ ಮೂರು ಬೆರಳು ತೋರಿಸಿದರು. ಕೆಳಮನೆಯಾಕೆ ರೇಡಿಯೊ ಹಾಕಿದ್ದಳಂತೆ.

ಇನ್ನು ಮೇಲೆ ಇವರಿಗೆ ಸುಳ್ಳು ಹೇಳುವುದಿಲ್ಲ. ಸಿಕ್ಕಿಬೀಳುವ ಸುಳ್ಳಿಗಿಂತ ಸೋಲು ವಾಸಿ.

ಮಾರ್ಚ್ 18, ಮಂಗಳವಾರ

ವ್ಯಾಯಾಮ ಮಾಡಿಸುವ ಮೇಡಂ ಬಂದರು. ರಬ್ಬರ್ ಉಂಡೆ ಕೊಟ್ಟು ಹಿಸುಕಿ ಅಂದರು. ಇವರು ಉಂಡೆಯನ್ನು ಹಾಸಿಗೆಯ ಆಚೆ ಉರುಳಿಸಿಬಿಟ್ಟರು. ಎರಡನೆಯ ಸಲವೂ ಅಷ್ಟೇ. ಮೇಡಂ ಹೋದ ಮೇಲೆ ನಾನು ಅದನ್ನು ಎತ್ತಿಕೊಂಡು ಬಂದು ಕೊಟ್ಟೆ. ಮೂರನೆಯ ಸಲವೂ ಉರುಳಿಸಿದರು.

ಉರುಳಿಸಲಿ. ನನ್ನ ಬೆನ್ನು ಇನ್ನೂ ಬಗ್ಗುತ್ತದೆ.

ಮಾರ್ಚ್ 29, ಶನಿವಾರ

ಒಂದಕ್ಕೆ ಒಂದು, ಸಮ.

ಇವತ್ತು ಸಾಲಿನ ಜಗಳವೆಲ್ಲ ಒಂಬತ್ತನೇ ನಂಬರಿನವನ ಮೇಲೆ. ಅವನನ್ನು ಕುದುರೆ ಅನ್ನುತ್ತಾರೆ. ಹೋದ ವರ್ಷ ಇಪ್ಪತ್ತೆರಡು ಗೋಲು ಹೊಡೆದಿದ್ದನಂತೆ, ಈ ವರ್ಷ ಚಳಿಗಾಲ ಕಳೆದ ಮೇಲೆ ಒಂದೂ ಇಲ್ಲ. ಹೊಟ್ಟೆ ತುಂಬಿದ ಕುದುರೆ ಅಂದರು ಬೀಗದಣ್ಣ. ದೊಡ್ಡ ಕ್ಲಬ್ಬಿನವರು ಕರೆದಿದ್ದಾರೆ, ಅದಕ್ಕೇ ಇಲ್ಲಿ ಮೈಗಳ್ಳತನ ಅಂತ ಅಂಚೆಯಣ್ಣ. ನಮ್ಮ ಗೋಲು ಕಾಯುವವನಿಗೆ ಜರಡಿ ಅಂತ ಹೆಸರಿಟ್ಟಿದ್ದಾರೆ. ಅವನ ಪಾಡು ಕೇಳುವವರಿಲ್ಲ. ಹೊಗಳಿಕೆ ಏನಿದ್ದರೂ ಹನ್ನೊಂದನೇ ನಂಬರಿನ ಸಣ್ಣವನಿಗೆ, ಮಿಡತೆಗೆ. ಅವನು ನಿಂತ ಕಡೆ ನಿಲ್ಲುವುದಿಲ್ಲ.

ನಾನು ಸುಮ್ಮನೆ ಕೂತು ಕುದುರೆಯನ್ನು ನೋಡಿದೆ. ಆಟ ನನಗೆ ಗೊತ್ತಿಲ್ಲ, ಬಟ್ಟೆ ಗೊತ್ತು. ಅವನ ಚಡ್ಡಿಯ ಎಡ ಅಂಚು ಬಲ ಅಂಚಿಗಿಂತ ಎರಡು ಬೆರಳು ಮೇಲಿತ್ತು. ಉಳಿದವರದು ಸಮವಾಗಿತ್ತು. ನಮ್ಮ ಗಿರಾಕಿ ಒಬ್ಬ ಮೇಷ್ಟ್ರು ಪ್ಯಾಂಟು ಸರಿಯಿಲ್ಲ ಅಂತ ಮೂರು ಸಲ ವಾಪಸ್ ತಂದಿದ್ದರು. ಪ್ಯಾಂಟು ಸರಿಯಾಗೇ ಇತ್ತು, ಸೊಂಟ ಸರಿಯಿರಲಿಲ್ಲ. ಇವರೇ ಅವರನ್ನು ಡಾಕ್ಟರ ಹತ್ತಿರ ಕಳಿಸಿದ್ದು.

"ಆ ಹುಡುಗ ಮೈಗಳ್ಳ ಅಲ್ಲ" ಅಂದೆ. "ಎಡಗಡೆ ಸೊಂಟ ನೋಯ್ತಿದೆ. ಆ ಕಡೆ ಎತ್ತಿ ಹಿಡ್ಕೊಂಡು ಓಡ್ತಿದ್ದಾನೆ."

ಸಾಲು ಪೂರ್ತಿ ನಕ್ಕಿತು. ಬೀಗದಣ್ಣ ಮಾತ್ರ ನಗಲಿಲ್ಲ, ಅವರು ನಗುವುದೇ ಇಲ್ಲವಲ್ಲ. "ಮೊದಲು ಗೋಲು ಯಾವ ಕಡೆ ಅಂತ ಕಲೀರಿ ಅಮ್ಮಾ, ಆಮೇಲೆ ವೈದ್ಯ ಮಾಡಿ" ಅಂದರು.

ಮನೆಯಲ್ಲಿ ಆಟ ಹೇಗಾಯಿತು ಅಂತ ಬಾಯಲ್ಲಿ ಹೇಳಲು ಹೋಗಿ ನನಗೇ ಗೋಜಲಾಯಿತು. ಗುಂಡಿ ಡಬ್ಬ ತಂದು ಮಣೆಯ ಮೇಲೆ ಹನ್ನೊಂದು ನೀಲಿ ಗುಂಡಿ, ಹನ್ನೊಂದು ಬಿಳಿ ಗುಂಡಿ ಜೋಡಿಸಿದೆ. ಇದು ಜರಡಿ, ಇದು ಕುದುರೆ, ಇದು ಮಿಡತೆ ಅಂತ ತೋರಿಸಿದೆ. ಇವರು ನೋಡಿದರು. ಹುಬ್ಬು ಗಂಟಿಕ್ಕಿದರು. ಮಿಡತೆಯನ್ನು ನಾನು ಬಲಗಡೆ ಇಟ್ಟಿದ್ದೆನಂತೆ. ಕೈ ಚಾಚಿ ಎಡಗಡೆಗೆ ತಳ್ಳಿದರು.

ಅಷ್ಟು ತಳ್ಳಲು ಎಷ್ಟು ಹೊತ್ತು ತೆಗೆದುಕೊಂಡರೆಂದರೆ ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಯಿತು. ಮಲಗುವ ಮುಂಚೆ ಇದನ್ನು ಬರೆಯುವಾಗ ಹೊಳೆಯುತ್ತಿದೆ, ತಳ್ಳಿದ್ದು ಬಲಗೈ.

ಏಪ್ರಿಲ್ 5, ಶನಿವಾರ

ಪರಊರಿನ ಪಂದ್ಯ. ರೇಡಿಯೊದಲ್ಲಿ ಕೇಳಿದೆವು. ಸೋಲು. ಎಡಬದಿಯ ರಕ್ಷಕ ಎಲ್ಲಿ ಹೋಗಿದ್ದನೋ, ತೆರೆದ ಬಾಗಿಲಿಗೆ ನಾಯಿ ನುಗ್ಗಿದ ಹಾಗೆ ಇಬ್ಬರು ನುಗ್ಗಿದರು. ಮೂರು ಪ್ಯಾಂಟಿನ ಅಂಚು ಮಡಿಸಬೇಕಿತ್ತು. ಮನಸ್ಸಾಗಲಿಲ್ಲ.

ಏಪ್ರಿಲ್ 8, ಮಂಗಳವಾರ

ಆಸ್ಪತ್ರೆ. ದೊಡ್ಡ ಡಾಕ್ಟರು ಇವರ ಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದರು. ನನ್ನನ್ನು ಪಕ್ಕಕ್ಕೆ ಕರೆದು, ಮನೆಯೊಳಗೆ ನಾಲ್ಕು ಹೆಜ್ಜೆ ಓಡಾಡಿದರೆ ಅದೇ ಭಾಗ್ಯ, ಮೆಟ್ಟಿಲಿನ ಆಸೆ ಇಟ್ಟುಕೊಳ್ಳಬೇಡಿ, ಸಾಧ್ಯವಾದರೆ ಕೆಳಗಿನ ಮನೆಗೆ ಬದಲಾಯಿಸಿ ಅಂದರು. ಒಳ್ಳೆಯವರೇ. ದನಿ ತಗ್ಗಿಸಿ ಹೇಳಿದರು.

ಅಂಗಡಿ ಕೆಳಗೆ, ಮನೆ ಮೇಲೆ, ನಡುವೆ ಹದಿನಾರು ಮೆಟ್ಟಿಲು. ಮೈದಾನದಲ್ಲಿ ಮೂವತ್ತೊಂದು.

"ಡಾಕ್ಟ್ರೇ, ನಾವು ದರ್ಜಿಗಳು" ಅಂದೆ. "ಮೊದಲನೇ ಅಳತೆ ನಂಬಿ ಬಟ್ಟೆಗೆ ಕತ್ತರಿ ಹಾಕೋದಿಲ್ಲ. ಇನ್ನೊಂದು ಸಲ ಅಳೀತೀವಿ."

ಅವರು ನಕ್ಕು ಜೂನ್ ತಿಂಗಳಲ್ಲಿ ಬನ್ನಿ ಅಂದರು.

ಏಪ್ರಿಲ್ 12, ಶನಿವಾರ

ಗೆದ್ದೆವು. ಒಂದಕ್ಕೆ ಸೊನ್ನೆ. ಮಿಡತೆ ಹೊಡೆದದ್ದು, ಎಡಗಾಲಲ್ಲಿ, ಕಂಬದ ಒಳಗಂಚಿಗೆ ತಾಗಿಸಿ.

ಆದರೆ ಅದಕ್ಕೂ ಮೊದಲು ಕುದುರೆ ಬಿದ್ದ. ಯಾರೂ ಮುಟ್ಟಲಿಲ್ಲ, ಓಡುತ್ತಿದ್ದವನು ಎಡಗಡೆಗೆ ಕುಸಿದು ಕೂತ. ಸುತ್ತಲಿನ ಸಾಲುಗಳವರು ನಾಟಕ ಅಂತ ಕೂಗಿದರು. ಹಲಗೆಯ ಮೇಲೆ ಮಲಗಿಸಿ ಹೊತ್ತುಕೊಂಡು ಹೋದರು. ಬೀಗದಣ್ಣ ಎದ್ದು, ತಾವು ಕೂತಿದ್ದ ಮೆತ್ತೆಯನ್ನು ಕೊಡವಿ, ನನ್ನ ಜಾಗದ ಮೇಲಿಟ್ಟರು.

"ಕಲ್ಲು ತಣ್ಣಗಿದೆ" ಅಂದರು. ಅಷ್ಟೇ.

ಏಪ್ರಿಲ್ 14, ಸೋಮವಾರ

ಪತ್ರಿಕೆಯಲ್ಲಿ ಬಂದಿದೆ. ಎಡ ಸೊಂಟದ ಗಾಯ, ಎರಡು ತಿಂಗಳು ಬಚ್ಚಿಟ್ಟುಕೊಂಡು ಆಡಿದ್ದಾನೆ. ತಂಡಕ್ಕೆ ಬೇರೆ ಯಾರೂ ಇಲ್ಲ ಅಂತ ಬಾಯಿ ಬಿಡಲಿಲ್ಲವಂತೆ. ಅಂಚೆಯಣ್ಣ ಅಂಗಡಿಯವರೆಗೂ ಬಂದು ಪತ್ರಿಕೆ ಕೊಟ್ಟು, ಗೋಲು ಕಾಯುವವನ ಅಂಗಿಯಲ್ಲಿ ಏನಾದರೂ ಕಂಡಿತೇ ಅಂತ ಕೇಳಿದರು. ಅಂಗಿ ಒಂದು ಅಳತೆ ಚಿಕ್ಕದಾಯಿತು, ಕೈ ಎತ್ತಿದರೆ ಕಂಕುಳಲ್ಲಿ ಎಳೆಯುತ್ತದೆ ಅಂದೆ. ಅವರು ಬರೆದುಕೊಂಡರು. ಯಾರಿಗೆ ಹೇಳುತ್ತಾರೋ ದೇವರೇ ಬಲ್ಲ.

ಏಪ್ರಿಲ್ 20, ಭಾನುವಾರ

ನಿನ್ನೆ ಪರಊರಲ್ಲೂ ಗೆಲುವು. ಇವತ್ತು ಗುಂಡಿ ಜೋಡಿಸುತ್ತಾ ಕುದುರೆಯ ಜಾಗಕ್ಕೆ ಮಿಡತೆಯನ್ನು ತರಬೇಕು ಅಂದೆ.

"ಅಲ್ಲ" ಅಂದರು.

ಕಿಟಕಿಯ ಆಚೆ ಯಾರೋ ಅಂದರು ಅಂದುಕೊಂಡೆ. ತಿರುಗಿ ನೋಡಿದರೆ ಇವರೇ. ಬಾಯಿ ಒಂದು ಕಡೆ ಸೊಟ್ಟಗಾಗಿ, ಹಣೆಯಲ್ಲಿ ಬೆವರು. ಇನ್ನೊಂದು ಸಲ "ಅಲ್ಲ" ಅಂದು ಮಿಡತೆಯನ್ನು ಮೊದಲಿನ ಜಾಗಕ್ಕೇ ತಳ್ಳಿದರು.

ಮೂವತ್ತೆಂಟು ವರ್ಷ ನಾನು ಏನು ಹೇಳಿದರೂ ಇವರ ಮೊದಲ ಮಾತು ಅದೇ ಆಗಿತ್ತು. ಅದನ್ನು ಕೇಳಿ ಹೀಗೆ ಸೆರಗು ಮುಖಕ್ಕೆ ಒತ್ತಿಕೊಳ್ಳುವ ಕಾಲ ಬರುತ್ತದೆ ಅಂತ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಕಣ್ಣೊರೆಸಿಕೊಂಡು ವಾದ ಮುಂದುವರಿಸಿದೆ. ಮಿಡತೆ ನಡುವಿಗೆ ಬಂದರೇ ಸರಿ. ಇವರಿಗೆ ಹುಷಾರಿಲ್ಲ ಅಂತ ನಾನು ಒಪ್ಪಿಕೊಳ್ಳಬೇಕೇ?

ಏಪ್ರಿಲ್ 26, ಶನಿವಾರ

ಎರಡಕ್ಕೆ ಒಂದು. ಗೆಲುವು. ಕೊನೆಯಿಂದ ಎರಡನೆಯವರಾಗಿದ್ದೇವೆ. ಜರಡಿಗೆ ಹೊಸ ಅಂಗಿ ಬಂದಿದೆ, ಸರಿಯಾದ ಅಳತೆಯದು. ಎರಡೂ ಕೈ ಮೇಲೆತ್ತಿ ಒಂದು ಚೆಂಡನ್ನು ತಡೆದದ್ದು ನೋಡಬೇಕಿತ್ತು. ಆಟದ ನಡುವೆ ಅಂಚೆಯಣ್ಣ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಮೈದುನ ಸಂಜೆ ಬಂದ. ಜಾಗ ಬೇಡ, ಕೊನೆಯ ಪಂದ್ಯದ ಒಂದು ದಿನಕ್ಕೆ ಮಾತ್ರ ಬಿಟ್ಟುಕೊಡಿ ಅತ್ತಿಗೆ, ನೀವು ಅಣ್ಣನ ಹತ್ತಿರ ಇರಿ, ನಾನೇ ಬಂದು ಎಲ್ಲ ವಿವರವಾಗಿ ಹೇಳುತ್ತೇನೆ ಅಂದ. ನ್ಯಾಯವಾದ ಮಾತೇ. ಯಾರು ಕೂತರೂ ಜಾಗ ಇವರ ಹೆಸರಲ್ಲೇ ಇರುತ್ತದೆ.

"ಆಗೋದಿಲ್ಲ" ಅಂದೆ. "ಅವತ್ತು ಕುದುರೆ ವಾಪಸ್ ಬರ್ತಾನಂತೆ. ಸೊಂಟ ಸರಿಹೋಗಿದೆಯಾ ಅಂತ ನೋಡೋರು ಯಾರು? ನೀನು ನೋಡ್ತೀಯಾ?"

ಮಂಚದ ಕಡೆಯಿಂದ ಒಂದು ಸದ್ದು ಬಂತು. ಇವರು ನಗುತ್ತಿದ್ದರು. ಏನು ನಗು ಅಂತ ಕೇಳಿದರೆ ತಲೆಯಾಡಿಸಿದರು. ನಗುವಂಥದ್ದು ನಾನೇನೂ ಹೇಳಿರಲಿಲ್ಲ.

ಮೇ 3, ಶನಿವಾರ

ಸಮ. ಕೊನೆಯ ಪಂದ್ಯ ಗೆದ್ದರೆ ಉಳಿಯುತ್ತೇವೆ. ಬೇರೆ ಯಾವ ಲೆಕ್ಕವೂ ನಮ್ಮನ್ನು ಕಾಯುವುದಿಲ್ಲ.

ಮೇ 7, ಬುಧವಾರ

ಮೂರು ಮೆಟ್ಟಿಲು ಇಳಿದು ಮೂರು ಮೆಟ್ಟಿಲು ಹತ್ತಿದರು. ಒಂದು ಕಡೆ ನಾನು, ಒಂದು ಕಡೆ ವ್ಯಾಯಾಮದ ಮೇಡಂ. ಮೇಲೆ ಬಂದು ಕೂತವರು ಸಿಟ್ಟಿನಿಂದ ಕೋಲನ್ನು ಎಸೆದರು. ನಾನು ಎತ್ತಿಕೊಂಡು ಬಂದು ಕೊಟ್ಟೆ. "ಇನ್ನೂ ಇಪ್ಪತ್ತೆಂಟು ಇದೆ ರೀ" ಅಂದೆ. ಎರಡನೆಯ ಸಲ ಎಸೆಯಲಿಲ್ಲ.

ಮೇ 10, ಶನಿವಾರ

ನಿಧಾನವಾಗಿ ಬರೆಯುತ್ತೇನೆ.

ಮೈದಾನ ತುಂಬಿ ಹೊರಗೂ ಜನ. ಮೊದಲರ್ಧದಲ್ಲಿ ಒಂದಕ್ಕೆ ಒಂದು. ಜರಡಿ ಏಳು ಚೆಂಡು ತಡೆದ, ಎಣಿಸಿದ್ದು ನಾನು. ದ್ವಿತೀಯಾರ್ಧಕ್ಕೆ ಕುದುರೆ ಬಂದ. ಸಾಲು ಪೂರ್ತಿ ನನ್ನ ಕಡೆ ತಿರುಗಿತು. ಅವನು ನಮ್ಮ ಮುಂದೆ ಓಡಿ ಹೋಗುವವರೆಗೂ ಕಾದು ನೋಡಿದೆ. ಅಂಚು ಎರಡೂ ಕಡೆ ಸಮ.

"ಸರಿಹೋಗಿದ್ದಾನೆ" ಅಂದೆ. ಮಾತು ಹಿಂದಿನ ಸಾಲಿಗೂ, ಅದರ ಹಿಂದಿನದಕ್ಕೂ ಹೋಗುವುದು ಕೇಳಿಸಿತು: ಸರಿಹೋಗಿದ್ದಾನಂತೆ, ಸರಿಹೋಗಿದ್ದಾನಂತೆ. ಕಾಲು ಗಂಟೆಯೊಳಗೆ ಮಿಡತೆ ಎಡಗಡೆಯಿಂದ ಕೊಟ್ಟ ಚೆಂಡನ್ನು ಅವನು ತಲೆಯಿಂದ ಒಳಗಿಟ್ಟ. ಎರಡಕ್ಕೆ ಒಂದು. ಮಿಡತೆ ಎಡಗಡೆಯಲ್ಲೇ ಇರಬೇಕು ಅಂದಿದ್ದರಲ್ಲ ಇವರು. ಅದನ್ನು ಮನೆಯಲ್ಲಿ ಹೇಳುವುದೋ ಬೇಡವೋ ಅಂತ ಆ ಗದ್ದಲದಲ್ಲೂ ಯೋಚಿಸಿದೆ.

ಮುಗಿಯಲು ಎರಡು ನಿಮಿಷ. ಅವರ ಕಡೆಯವನೊಬ್ಬ ದೂರದಿಂದ ಹೊಡೆದ. ಜರಡಿ ಬಲಕ್ಕೆ ಹಾರಿದ್ದ, ಸರಿಯಾಗೇ ಹಾರಿದ್ದ. ಚೆಂಡು ನಮ್ಮ ಎಡಬದಿಯ ರಕ್ಷಕನ ಮೊಣಕಾಲಿಗೆ ಬಡಿದು ಎಡಕ್ಕೆ ತಿರುಗಿತು.

ಎರಡಕ್ಕೆ ಎರಡು. ಅಲ್ಲಿಗೆ ಕೆಳಗಿನ ದರ್ಜೆ.

ಬೇರೆ ಕಡೆಯ ಸಾಲುಗಳು ಖಾಲಿಯಾಗತೊಡಗಿದವು. ಹದಿನಾಲ್ಕನೇ ಸಾಲು ಏಳಲಿಲ್ಲ. ಮೆಟ್ಟಿಲು ಇಳಿಯುತ್ತಿದ್ದ ಎದುರು ತಂಡದ ಹುಡುಗನೊಬ್ಬ ನನ್ನನ್ನು ನೋಡಿ, "ಅಜ್ಜಿ, ಮುಂದಿನ ವರ್ಷ ಉಣ್ಣೆ ತಗೊಂಡು ಬನ್ನಿ. ನೋಡೋಕೆ ಆಟ ಇರಲ್ಲ, ಹೆಣ್ಕೊಂಡಾದ್ರೂ ಕೂರಬಹುದು" ಅಂದ.

"ನಾನು ಹೆಣೆಯೋಳಲ್ಲಪ್ಪ, ಹೊಲಿಯೋಳು" ಅಂದೆ. "ಹರಿದದ್ದು ಕಂಡರೇ ನನಗೆ ಕೆಲಸ."

ಅವನು ಹೋದ. ಅಂಚೆಯಣ್ಣ ಪುಸ್ತಕ ಜೇಬಿನಿಂದ ತೆಗೆಯಲೋ ಬೇಡವೋ ಅಂತ ಕೈ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಮುಂದಿನ ವರ್ಷಕ್ಕೆ ಯಾರು ಇರುತ್ತಾರೆ ಅಂತ ಕೊನೆಯ ಪಂದ್ಯದ ದಿನವೇ ಬರೆಸಬೇಕು, ಅದೂ ಒಂದು ಕಟ್ಟಳೆ. ಬೀಗದಣ್ಣ ಈಗ "ಬೀಗ ಹಾಕಿ" ಅನ್ನುತ್ತಾರೆ ಅಂತ ಎಲ್ಲರೂ ಕಾದಿದ್ದೆವು.

"ಬೀಗ ಹಾಕೋದು ಯಾವನಿಗೂ ಬರುತ್ತೆ" ಅಂದರು ಅವರು. "ತೆಗೆಯೋದು ನನ್ನ ಕೆಲಸ. ಮೊದಲು ನನ್ನ ಹೆಸರು ಬರ್ಕೊಳ್ಳಿ."

ಒಬ್ಬೊಬ್ಬರಾಗಿ ಬರೆಸಿದರು. ಹದಿನಾಲ್ಕನೇ ಸಾಲಿನಲ್ಲಿ ಒಂದು ಹೆಸರೂ ಬಿಟ್ಟುಹೋಗಲಿಲ್ಲ. ಬಿಟ್ಟದ್ದು ಪಟ್ಟಿಯಲ್ಲಿ ಕಾಯುತ್ತಿದ್ದವರು. ಮೈದುನ ಕೆಳಗಿನಿಂದ ಹತ್ತಿ ಬಂದು, ಕೆಳದರ್ಜೆಯ ಆಟಕ್ಕೆ ನಾನು ಕಾಯೋದಿಲ್ಲ ಅಂತ ತನ್ನ ಹೆಸರು ತಾನೇ ಹೊಡೆದು ಹಾಕಿದ. ಹನ್ನೊಂದು ವರ್ಷ ಕಾದದ್ದು ಒಂದು ಗೀಟಿನಲ್ಲಿ ಹೋಯಿತು. ಐದನೇ ಜಾಗಕ್ಕೆ ಇವರ ಹೆಸರು ಹೇಳಿದೆ.

ಮನೆಗೆ ಬಂದೆ. ಇವರು ಕುರ್ಚಿಯಲ್ಲಿ ಕೂತು ಮಣೆಯ ಮೇಲೆ ಇಪ್ಪತ್ತೆರಡೂ ಗುಂಡಿ ತಾವೇ ಜೋಡಿಸಿಕೊಂಡಿದ್ದರು. ರೇಡಿಯೊ ಆರಿಸಿತ್ತು. ಎಲ್ಲ ಗೊತ್ತಾಗಿತ್ತು. ಗೋಲು ಕಾಯುವವನ ಗುಂಡಿಯ ಮೇಲೆ ಬೆರಳಿಟ್ಟು ಒಂದೊಂದೇ ಮಾತು ಎಳೆದು ತಂದರು.

"ಜರಡಿ... ತಪ್ಪು... ಅಲ್ಲ."

"ಅಲ್ಲ" ಅಂದೆ. "ಮೊಣಕಾಲಿಗೆ ಬಡೀತು ರೀ. ನಾನೇ ನೋಡಿದೆ."

ಆಮೇಲೆ ಪಟ್ಟಿಯ ವಿಷಯ, ಮೈದುನ ಹೆಸರು ಹೊಡೆದದ್ದು, ಐದನೇ ಜಾಗಕ್ಕೆ ಇವರ ಹೆಸರು ಬರೆಸಿದ್ದು ಹೇಳಿದೆ. ಹುಬ್ಬು ಗಂಟಿಕ್ಕಿದರು.

"ಅಲ್ಲ. ಜಾಗ... ನಿಂದು. ನನ್ನ ಹೆಸರು... ಪಟ್ಟಿಗೆ."

ನನಗೆ ರೇಗಿತು. ಇವರ ಜಾಗ ಉಳಿಸಲು ಎರಡು ತಿಂಗಳು ಜನರಿಂದ ನಗಿಸಿಕೊಂಡು ಕಲ್ಲಿನ ಮೇಲೆ ಕೂತದ್ದು ನಾನು, ಈಗ ಇವರು ಅದು ನಿಂದು ಅನ್ನುತ್ತಾರೆ. ನನಗೆ ಯಾಕೆ ಜಾಗ? ವಾದ ಮಾಡಿದೆ. ಇವರದು ಮೂರೇ ಮಾತು, ನನ್ನದು ಮುನ್ನೂರು. ಆದರೂ ಗೆದ್ದದ್ದು ಇವರೇ.

ಮೇ 12, ಸೋಮವಾರ

ಅಂಚೆಯಣ್ಣನ ಮನೆಗೆ ಹೋಗಿ ತಿದ್ದಿಸಿಕೊಂಡು ಬಂದೆ. ಐದನೇ ಜಾಗ: ದರ್ಜಿಯಮ್ಮ. ಕಾಯುವವರ ಪಟ್ಟಿಯಲ್ಲಿ ಈಗ ಇರುವುದು ಒಂದೇ ಹೆಸರು. ಪಟ್ಟಿಯಲ್ಲಿ ಇರುವವನು ಜಾಗ ಸಿಗುವವರೆಗೆ ಸಾಲಿನ ತುದಿಯ ಮೆಟ್ಟಿಲ ಮೇಲೆ ಕೂರಬಹುದು, ಆದರೆ ಅಲ್ಲಿಗೆ ತಾನೇ ಹತ್ತಿ ಬರಬೇಕು, ಹೊತ್ತು ತರುವ ಹಾಗಿಲ್ಲ ಅಂದರು ಅಂಚೆಯಣ್ಣ. ಈ ಕಟ್ಟಳೆ ಪುಸ್ತಕದಲ್ಲಿ ಎಲ್ಲಿದೆ ಅಂತ ಕೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು.

ಮನೆಗೆ ಬಂದು ಇವರಿಗೆ ಹಾಗೇ ಹೇಳಿದೆ. ಕೋಲು ಕೊಡು ಅಂತ ಕೈ ಚಾಚಿದರು. ಮೇಡಂ ಬರುವ ದಿನವಲ್ಲ ಇದು. ಆರು ಮೆಟ್ಟಿಲು ಇಳಿದೆವು, ಆರು ಹತ್ತಿದೆವು.

ಹೊಸ ಪಂದ್ಯಾವಳಿ ಆಗಸ್ಟ್ ಒಂಬತ್ತಕ್ಕೆ ಶುರು. ನನಗೆ ಈ ಆಟದ ಹುಚ್ಚೇನೂ ಇಲ್ಲ, ಹೋಗುವುದೆಲ್ಲ ಇವರಿಗೋಸ್ಕರ. ಆದರೆ ಅಷ್ಟರೊಳಗೆ ಆ ಎಡಬದಿಯ ರಕ್ಷಕನನ್ನು ಬದಲಾಯಿಸದಿದ್ದರೆ ಕ್ಲಬ್ಬಿನ ಕಚೇರಿಗೆ ನಾನೇ ಹೋಗುತ್ತೇನೆ, ಅಳತೆ ಟೇಪು ಹಿಡಿದುಕೊಂಡು.